ಬಳ್ಳಿ ತುಂಬ ಹೂ, ಕಾಯಿ ಮಾತ್ರ ಸೊಟ್ಟ: ಕಲ್ಲಂಗಡಿಯಲ್ಲಿ ಪರಾಗಸ್ಪರ್ಶದ ದೋಷ ಹುಡುಕುವ ಬಗೆ

ಶಿರಾ ಕಡೆ ನಮ್ಮದು ಎರಡು ಎಕರೆ ಹೊಲ. ಮೊದಲ ವರ್ಷ ಹಾಕಿದ ಕಲ್ಲಂಗಡಿ ಚೆನ್ನಾಗಿ ಬಂತು. ಎರಡನೇ ವರ್ಷವೂ ಅದೇ ತಳಿ, ಅದೇ ಡ್ರಿಪ್, ಅದೇ ಮಲ್ಚಿಂಗ್ ಶೀಟ್. ಬಳ್ಳಿಯಂತೂ ಮೊದಲಿಗಿಂತ ಸೊಂಪು. ಆದರೆ ಕಾಯಿ ನೋಡಲು ಬಂದ ವ್ಯಾಪಾರಿ ಸಾಲಿನಲ್ಲಿ ಹತ್ತು ಹೆಜ್ಜೆ ನಡೆದು ನಿಂತುಬಿಟ್ಟರು. ಅರ್ಧಕ್ಕರ್ಧ ಕಾಯಿ ಸೋರೆಬುರುಡೆಯ ಹಾಗೆ. ತೊಟ್ಟಿನ ಕಡೆ ಸಣ್ಣ, ಹೂವಿದ್ದ ತುದಿಯ ಕಡೆ ದಪ್ಪ. "ಇವನ್ನ ಲೋಡಿಗೆ ಹಾಕೋಕಾಗಲ್ಲ ಸ್ವಾಮಿ, ಬೇರೆ ಮಾಡಿಸಿ" ಅಂದರು. ಬೇರೆ ಮಾಡಿಸಿದೆ. ಸೊಟ್ಟ ಕಾಯಿಯ ಗುಡ್ಡೆಯೇ ದೊಡ್ಡದಾಯಿತು.

ಆ ಹಂಗಾಮಿನಲ್ಲಿ ನಾನು ಮಾಡಿದ್ದು ಇಷ್ಟು. ಗೊಬ್ಬರದಂಗಡಿಯಲ್ಲಿ ಕೇಳಿದೆ. ಬೋರಾನ್ ಅನ್ನುವ ಪೋಷಕಾಂಶದ ಕೊರತೆ ಅಂದರು, ಎರಡು ಸಲ ಹೊಡೆದೆ. ಆಮೇಲೆ ಹೂ ನಿಲ್ಲಲಿ ಅಂತ ಒಂದು ಟಾನಿಕ್ ಕೊಟ್ಟರು, ಅದನ್ನೂ ಹೊಡೆದೆ. ಎಲ್ಲವನ್ನೂ ಹೊಡೆದದ್ದು ಬೆಳಿಗ್ಗೆ ಎಂಟಕ್ಕೆ. ಹೂ ಅರಳಿ ಜೇನು ಓಡಾಡಬೇಕಾದ ಹೊತ್ತಿಗೆ ಸರಿಯಾಗಿ. ಮೂರನೇ ವರ್ಷ ಮಾತ್ರ ಮೊದಲ ಹೂ ಕಂಡ ದಿನದಿಂದ ಒಂದೊಂದೇ ಪರೀಕ್ಷೆ ಮಾಡುತ್ತ ಹೋದೆ. ಅದನ್ನು ಇಲ್ಲಿ ಬರೆದಿದ್ದೇನೆ. ಹೆಣ್ಣುಹೂ ಬರಲು ಶುರುವಾದ ಮೊದಲ ವಾರದಲ್ಲೇ ಇದನ್ನು ಮಾಡಿ. ಆಗ ಅದೇ ಬೆಳೆಯನ್ನು ಉಳಿಸಿಕೊಳ್ಳಲು ಇನ್ನೂ ಸಮಯ ಇರುತ್ತದೆ. ಕಾಯಿ ಸೊಟ್ಟಗೆ ಬೆಳೆದ ಮೇಲೆ ಅದನ್ನು ನೆಟ್ಟಗೆ ಮಾಡುವ ಔಷಧಿ ಯಾವುದೂ ಇಲ್ಲ.

ಅದು ದೋಷವೇ ಅಲ್ಲದಿರಬಹುದು

ಕಲ್ಲಂಗಡಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಎರಡೂ ಒಂದೇ ಬಳ್ಳಿಯಲ್ಲಿ ಇರುತ್ತವೆ. ಹೆಣ್ಣುಹೂವಿನ ಎಸಳಿನ ಕೆಳಗೆ ನವಿರು ರೋಮ ಹೊದ್ದ ಪುಟ್ಟ ಕಲ್ಲಂಗಡಿಯೇ ಕೂತಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಗಂಡುಹೂವಿಗೆ ಬರೀ ತೆಳ್ಳನೆ ತೊಟ್ಟು. ಶುರುವಿನ ಒಂದು ವಾರ ಬರುವುದೆಲ್ಲ ಗಂಡುಹೂವೇ. ಅವು ಅರಳಿ ಉದುರುತ್ತವೆ, ಉದುರಲೇಬೇಕು. "ಹೂವೆಲ್ಲ ಉದುರ್ತಾ ಇದೆ" ಅಂತ ಆ ವಾರದಲ್ಲಿ ಗಾಬರಿಯಾಗಿ ಔಷಧಿ ತರುವವರೇ ಜಾಸ್ತಿ. ಹೆಣ್ಣುಹೂ ಶುರುವಾದ ಮೇಲೂ ಆರೇಳು ಗಂಡುಹೂವಿಗೆ ಒಂದು ಹೆಣ್ಣುಹೂ ಸಿಕ್ಕೀತು, ಅಷ್ಟೇ.

ಇನ್ನೊಂದು ವಿಷಯ. ಬಳ್ಳಿಯಲ್ಲಿ ಎರಡು ಮೂರು ಕಾಯಿ ಕಚ್ಚಿ ದಪ್ಪಗಾಗುತ್ತಿದ್ದರೆ ಆಮೇಲೆ ಬರುವ ಹೀಚನ್ನು ಬಳ್ಳಿ ತಾನೇ ಉದುರಿಸುತ್ತದೆ. ಹೊರಲಾರದ ಭಾರ ಇಳಿಸಿಕೊಳ್ಳುತ್ತದೆ. ಅದೂ ದೋಷವಲ್ಲ. ಬಳ್ಳಿಯಲ್ಲಿ ಒಂದೂ ಕಾಯಿ ಇಲ್ಲದೆ, ಹೆಣ್ಣುಹೂ ಅರಳಿದ ನಾಲ್ಕೈದು ದಿನಕ್ಕೆ ಹೀಚು ಹಳದಿಯಾಗಿ ಸುಕ್ಕುತ್ತಿದ್ದರೆ ಆಗ ಹುಡುಕಾಟ ಶುರು ಮಾಡಿ. ಕಾಯಿ ಕಚ್ಚಿಯೂ ಆಕಾರ ಕೆಡುತ್ತಿದ್ದರೂ ಅಷ್ಟೇ.

ಸೊಟ್ಟ ಕಾಯಿಯನ್ನು ಉದ್ದಕ್ಕೆ ಸೀಳಿ

ಇದಕ್ಕೆ ಒಂದು ಚಾಕು ಸಾಕು. ನನಗೆ ಅತಿ ಹೆಚ್ಚು ಕಲಿಸಿದ ಪರೀಕ್ಷೆಯೂ ಇದೇ. ಬಲಿತ ಸೊಟ್ಟ ಕಾಯಿಯನ್ನು ತೊಟ್ಟಿನಿಂದ ತುದಿಯವರೆಗೆ ಸೀಳಿ ಬೀಜ ನೋಡಿ. ನಾನು ಸೀಳಿದ ಮೊದಲ ಕಾಯಿಯಲ್ಲಿ ದಪ್ಪ ಭಾಗದಲ್ಲಿ ಕಪ್ಪು ಬೀಜ ಒತ್ತಾಗಿ ಕೂತಿತ್ತು. ಕತ್ತಿನಂತೆ ಸಣ್ಣಗಾದ ಭಾಗದಲ್ಲಿ ಬಿಳಿ ಸಿಪ್ಪೆಯಂಥ ಜೊಳ್ಳು ನಾಲ್ಕೇ ನಾಲ್ಕು. ಹತ್ತು ಕಾಯಿ ಸೀಳಿದೆ, ಹತ್ತರಲ್ಲೂ ಹಾಗೆಯೇ.

ಕಾರಣ ಹೀಗಿದೆ. ಹೆಣ್ಣುಹೂವಿನ ನಡುವೆ ಮೂರು ಹಾಲೆಯ, ಮುಟ್ಟಿದರೆ ಅಂಟುವ ಒಂದು ಗುಬುಟು ಇದೆ. ಪರಾಗದ ಕಣ ಅದರ ಮೇಲೆ ಬಿದ್ದು ಮೊಳೆತು, ಕೂದಲಿಗಿಂತ ಸಣ್ಣ ಎಳೆಯಾಗಿ ಹೀಚಿನೊಳಗೆ ಇಳಿಯುತ್ತದೆ. ಒಂದು ಕಣದಿಂದ ಒಂದು ಬೀಜ. ಬೀಜ ಕಟ್ಟಿದ ಕಡೆ ತಿರುಳು ಬೆಳೆಯುತ್ತದೆ. ಎಳೆಗಳು ಹೂವಿನ ತುದಿಯಿಂದ ಇಳಿಯುವುದರಿಂದ ತೊಟ್ಟಿನ ಭಾಗ ಅವುಗಳಿಗೆ ದೂರ. ಪರಾಗ ಕಡಿಮೆ ಬಿದ್ದರೆ ಹತ್ತಿರದ ಬೀಜ ಕಟ್ಟುತ್ತದೆ, ದೂರದ್ದು ಜೊಳ್ಳಾಗುತ್ತದೆ. ಹಾಗಾಗಿ ಸೋರೆಬುರುಡೆಯ ಆಕಾರ. ಮೂರು ಹಾಲೆಯಲ್ಲಿ ಒಂದಕ್ಕೆ ಪರಾಗ ಸಿಗದಿದ್ದರೆ ಕಾಯಿ ಆ ಪಕ್ಕಕ್ಕೆ ಬಾಗುತ್ತದೆ. ಒಂದು ಒಳ್ಳೆಯ ಕಾಯಿಗೆ ಸುಮಾರು 500ರಿಂದ 1,000 ಕಣ ಬೇಕು, ಅದೂ ಮೂರು ಹಾಲೆಗೂ ಹಂಚಿ ಬೀಳಬೇಕು. ಕಲ್ಲಂಗಡಿಯ ಪರಾಗ ಅಂಟು ಅಂಟಾಗಿರುತ್ತದೆ, ಗಾಳಿಯಲ್ಲಿ ಹಾರುವುದಿಲ್ಲ. ಯಾರಾದರೂ ಹೊತ್ತು ತರಲೇಬೇಕು.

ಬೀಜ ಎಲ್ಲ ಕಡೆ ಸರಿಯಾಗಿ ತುಂಬಿದ್ದು, ಕಾಯಿಯ ತುದಿ ಮಾತ್ರ ಕಪ್ಪಗಾಗಿ ತೊಗಲಿನಂತೆ ಕುಸಿದಿದ್ದರೆ ಅದು ಬೇರೆ ಕಥೆ. ನೀರು ಒಂದು ದಿನ ಜಾಸ್ತಿ, ನಾಲ್ಕು ದಿನ ಇಲ್ಲ ಅಂತಾದಾಗ ಕ್ಯಾಲ್ಸಿಯಂ ಕಾಯಿಗೆ ತಲುಪದೆ ಹಾಗಾಗುತ್ತದೆ. ಎಳೆ ಹೀಚಿನ ಮೇಲೆ ಸೂಜಿ ಚುಚ್ಚಿದ ಗುರುತು, ಅಲ್ಲೊಂದು ಅಂಟಿನ ಹನಿ ಇದ್ದರೆ ಹಣ್ಣುನೊಣ ಮೊಟ್ಟೆ ಇಟ್ಟಿದೆ. ಸೀಳಿದರೆ ಬಿಳಿ ಹುಳು ಕಾಣುತ್ತದೆ. ಅದಕ್ಕೆ ಗಂಡುನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ ಲ್ಯೂರ್ ಬಲೆ ಕಟ್ಟಿ, ಕೊಳೆತ ಹೀಚು ಆರಿಸಿ ಹೂಳಿ. ಜೇನಿಗೂ ಈ ಎರಡು ದೋಷಕ್ಕೂ ಸಂಬಂಧವಿಲ್ಲ.

ಮೂರು ಬಣ್ಣದ ದಾರದ ಪರೀಕ್ಷೆ

ಕಾಯಿ ಬಲಿಯುವವರೆಗೆ ಕಾಯಲಾಗದು. ಹೂವಿನ ಹಂತದಲ್ಲೇ ತಿಳಿಯಬೇಕಾದರೆ ಈ ಪರೀಕ್ಷೆ ಮಾಡಿ. ಒಂದು ಸಂಜೆ, ಮಾರನೇ ಬೆಳಿಗ್ಗೆ, ಆಮೇಲೆ ಆರನೇ ದಿನ ಒಂದು ಸುತ್ತು. ಖರ್ಚು ಅಂದರೆ ದಾರ, ಮತ್ತೆ ತೆಳು ಬಟ್ಟೆಯ ಇಪ್ಪತ್ತು ಪುಟ್ಟ ಚೀಲ. ಮದುವೆಯಲ್ಲಿ ಅಡಿಕೆ ಬೆಲ್ಲ ಹಾಕಿ ಕೊಡುವ ಬಲೆ ಚೀಲ ಸಿಕ್ಕರೆ ಅದೇ ಆಗುತ್ತದೆ.

ಇನ್ನೂ ಕಾಯಿ ಕಚ್ಚದ ಬಳ್ಳಿಗಳನ್ನೇ ಆರಿಸಿ. ಕಾಯಿ ಇರುವ ಬಳ್ಳಿ ಹೀಚು ಉದುರಿಸುತ್ತದೆ, ಲೆಕ್ಕ ಕೆಡುತ್ತದೆ. ಸಂಜೆ ಹೊಲ ಸುತ್ತಿ ನಾಳೆ ಅರಳುವ ಹೆಣ್ಣುಮೊಗ್ಗು ಗುರುತು ಮಾಡಿ. ದಪ್ಪಗಾಗಿ ತುದಿಯಲ್ಲಿ ಹಳದಿ ಇಣುಕುತ್ತಿದ್ದರೆ ಅದು ನಾಳೆಯದು. ಅಂಥ ಮೂವತ್ತು ಮೊಗ್ಗು ಬೇಕು.

ಹತ್ತಕ್ಕೆ ಬಿಳಿ ದಾರ ಕಟ್ಟಿ, ಚೀಲ ಹಾಕಿ ಬಿಟ್ಟುಬಿಡಿ. ಅವುಗಳ ತಂಟೆಗೆ ಹೋಗಬೇಡಿ. ಇನ್ನು ಹತ್ತಕ್ಕೆ ಹಳದಿ ದಾರ ಮಾತ್ರ ಕಟ್ಟಿ, ಚೀಲ ಬೇಡ, ಬರುವ ಜೇನು ಬರಲಿ. ಉಳಿದ ಹತ್ತಕ್ಕೆ ಕೆಂಪು ದಾರ ಕಟ್ಟಿ ಚೀಲ ಹಾಕಿ. ಬೆಳಿಗ್ಗೆ ಏಳರ ಹೊತ್ತಿಗೆ ಕೆಂಪು ದಾರದ ಚೀಲ ಬಿಚ್ಚಿ. ಅದೇ ಬೆಳಿಗ್ಗೆ ಅರಳಿದ ಗಂಡುಹೂ ಕಿತ್ತು, ಎಸಳು ಹಿಂದಕ್ಕೆ ಮಡಿಸಿ, ಹೆಣ್ಣುಹೂವಿನ ಮೂರು ಹಾಲೆಗೂ ಮೆತ್ತಗೆ ಸವರಿ. ಒಂದು ಹೆಣ್ಣುಹೂವಿಗೆ ಎರಡು ಮೂರು ಗಂಡುಹೂ ಬಳಸಿ. ಹಾಲೆ ಹಳದಿ ಪುಡಿ ಹತ್ತಿದಂತೆ ಕಾಣಬೇಕು. ಮತ್ತೆ ಚೀಲ ಹಾಕಿ. ಸಂಜೆಗೆ ಎಲ್ಲ ಚೀಲ ತೆಗೆಯಿರಿ, ದಾರ ಇರಲಿ. ಹೂ ಅರಳುವುದು ಒಂದೇ ದಿನ, ಸಂಜೆ ಹೊತ್ತಿಗೆ ಅದರ ಆಟ ಮುಗಿದಿರುತ್ತದೆ.

ಆರನೇ ದಿನ ಎಣಿಸಿ. ಕಚ್ಚಿದ ಹೀಚು ಹಸಿರು ಮಿಂಚುತ್ತ, ನೆಲದ ಕಡೆ ಬಾಗಿ ದಪ್ಪಗಾಗಿರುತ್ತದೆ. ಕಚ್ಚದ್ದು ಹಳದಿ.

ಬಿಳಿ ದಾರದಲ್ಲಿ ಒಂದೂ ಕಚ್ಚಿರಬಾರದು. ಕಚ್ಚಿದ್ದರೆ ಚೀಲದೊಳಗೆ ಇರುವೆಯೋ ಸಣ್ಣ ಹುಳವೋ ನುಗ್ಗಿದೆ, ಪರೀಕ್ಷೆ ಮತ್ತೊಮ್ಮೆ ಮಾಡಿ. ಕೆಂಪು ಚೆನ್ನಾಗಿ ಕಚ್ಚಿ ಹಳದಿ ಕಚ್ಚದಿದ್ದರೆ ಬಳ್ಳಿ ಸರಿಯಿದೆ, ಹೂ ಸರಿಯಿದೆ, ಪರಾಗ ಹೊರುವವರು ಇಲ್ಲ. ಕೆಂಪೂ ಹಳದಿಯೂ ಎರಡೂ ಕಚ್ಚದಿದ್ದರೆ ಜೇನನ್ನು ದೂರಬೇಡಿ, ದೋಷ ಬಳ್ಳಿಯಲ್ಲಿದೆ. ಎರಡೂ ಚೆನ್ನಾಗಿ ಕಚ್ಚಿದ್ದರೆ ಪರಾಗಸ್ಪರ್ಶದ ತೊಂದರೆಯೇ ಇಲ್ಲ. ಕಾಯಿ ಆಮೇಲೆ ಹಾಳಾಗುತ್ತಿದ್ದರೆ ನೀರು, ನೊಣ, ರೋಗದ ಕಡೆ ನೋಡಿ.

ನಮ್ಮ ಹೊಲದಲ್ಲಿ ಕೆಂಪು ಹತ್ತಕ್ಕೆ ಎಂಟು ಕಚ್ಚಿತ್ತು. ಹಳದಿ ಮೂರು. ಅಲ್ಲಿಗೆ ಬೋರಾನ್ ಮಾತು ಮುಗಿಯಿತು.

ಕೆಂಪು ದಾರವೂ ಕಚ್ಚದಿದ್ದರೆ

ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬೋರಾನ್ ನಿಜಕ್ಕೂ ಕಡಿಮೆಯಿದ್ದರೆ ಪರಾಗದ ಎಳೆ ಬೆಳೆಯುವುದಿಲ್ಲ. ಆಗ ಕೈಯಲ್ಲಿ ಸವರಿದರೂ ಕಾಯಿ ನಿಲ್ಲದು. ಮಣ್ಣು ಪರೀಕ್ಷೆ ಮಾಡಿಸಿ ಹಾಕಿ, ಸುಮ್ನೆ ಹಾಕಬೇಡಿ. ಬೋರಾನ್ ಜಾಸ್ತಿಯಾದರೂ ಎಲೆ ಸುಡುತ್ತದೆ. ಸಾರಜನಕ ಜಾಸ್ತಿಯಾದರೆ ಬಳ್ಳಿ ಹಬ್ಬುತ್ತ ಹೋಗುತ್ತದೆ, ಕಾಯಿಯ ಕಡೆ ಗಮನವೇ ಇರುವುದಿಲ್ಲ. ಸುಡು ಬೇಸಿಗೆಯಲ್ಲಿ ಪರಾಗವೇ ಸತ್ವ ಕಳೆದುಕೊಳ್ಳುತ್ತದೆ. ಅದಕ್ಕೆ ನಾಟಿಯನ್ನೇ ಬೇಗ ಮಾಡಬೇಕು. ಬೀಜವಿಲ್ಲದ ಕಲ್ಲಂಗಡಿ ಹಾಕಿದ್ದರೆ ಅದರ ಗಂಡುಹೂವಿನ ಪರಾಗ ಕೆಲಸಕ್ಕೆ ಬರುವುದಿಲ್ಲ. ನಡುನಡುವೆ ಬೀಜವಿರುವ ತಳಿಯ ಗಿಡ ಹಾಕಲೇಬೇಕು. ಆ ಗಿಡಗಳು ಸತ್ತಿದ್ದರೆ ಅಥವಾ ಹಿಂದುಮುಂದಾಗಿ ಹೂ ಬಿಟ್ಟಿದ್ದರೆ ಇಡೀ ಹೊಲ ಬರಿದು.

ಈಚೆಗೆ ಕಾಣುತ್ತಿರುವ ಇನ್ನೊಂದು ತಪ್ಪು, ಬಿಳಿ ಕ್ರಾಪ್ ಕವರ್. ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳು ತಡೆಯಲು ಎಳೆ ಗಿಡದ ಮೇಲೆ ಹೊದಿಸುವುದು ಒಳ್ಳೆಯದೇ. ಆದರೆ ಹೆಣ್ಣುಹೂ ಬರುವ ಹೊತ್ತಿಗೆ ತೆಗೆಯಬೇಕು. ಥ್ರಿಪ್ಸಿಗೆ ದಾರಿ ಮುಚ್ಚಿದ ಹೊದಿಕೆ ಜೇನಿಗೂ ದಾರಿ ಮುಚ್ಚುತ್ತದೆ ಅಲ್ವಾ.

ಬೆಳಿಗ್ಗೆ ಹೂವಿನ ಪಕ್ಕ ಕೂತು ಎಣಿಸುವುದು

ಹಳದಿ ದಾರ ಸೋತಿದ್ದರೆ ಮುಂದಿನ ಹೆಜ್ಜೆ ಇದು. ಮೋಡವಿಲ್ಲದ, ಗಾಳಿ ಜೋರಿಲ್ಲದ ಒಂದು ಬೆಳಿಗ್ಗೆ ಏಳಕ್ಕೆ ಹೊಲಕ್ಕೆ ಹೋಗಿ. ಐದು ಹೆಣ್ಣುಹೂ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗ ನೋಡಿ ಕುಕ್ಕರಗಾಲಲ್ಲಿ ಕೂರಿ. ನೆರಳು ಹೂವಿನ ಮೇಲೆ ಬೀಳಬಾರದು. ಅರ್ಧ ಗಂಟೆ ಎಣಿಸಿ. ಇದನ್ನೇ ಎಂಟೂವರೆಗೆ ಇನ್ನೊಮ್ಮೆ, ಹೊಲದ ಬೇರೆ ಕಡೆ.

ಲೆಕ್ಕ ಹೀಗೆ. ಬೀಜವಿರುವ ಕಲ್ಲಂಗಡಿಯ ಒಂದು ಹೆಣ್ಣುಹೂವಿಗೆ ಕನಿಷ್ಠ ಎಂಟು ಸಲ ಜೇನು ಬಂದು ಕೂರಬೇಕು. ಬೀಜವಿಲ್ಲದ್ದಕ್ಕೆ ಇದರ ಎರಡರಿಂದ ಮೂರು ಪಟ್ಟು. ನಮ್ಮ ಬಿಸಿಲಿನಲ್ಲಿ ಹೂವಿಗೆ ಸಿಗುವ ಒಳ್ಳೆಯ ಹೊತ್ತು ಆರೂವರೆಯಿಂದ ಹತ್ತೂವರೆ, ನಾಲ್ಕು ಗಂಟೆ. ಅಂದರೆ ಒಂದು ಹೂವಿಗೆ ಅರ್ಧ ಗಂಟೆಗೆ ಒಂದು ಭೇಟಿ. ಐದು ಹೂವಿಗೆ ಅರ್ಧ ಗಂಟೆಯಲ್ಲಿ ಐದು ಭೇಟಿಯಾದರೂ ಆಗಬೇಕು. ಐದಕ್ಕಿಂತ ಕಡಿಮೆ ಬಂದರೆ ಕೊರತೆ ಇದೆ. ಹತ್ತು ಹದಿನೈದು ಬಂದರೆ ನೆಮ್ಮದಿ.

ನನಗೆ ಮೊದಲ ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಎರಡು. ಒಂದು ಕೋಲುಜೇನು, ಬಾಲದ ಮೇಲೆ ಬಿಳಿ ಪಟ್ಟೆಯ ಪುಟ್ಟದು. ಗಂಡುಹೂವಿನಲ್ಲಿ ಹೊರಳಾಡಿ ಹೊಟ್ಟೆಯೆಲ್ಲ ಹಳದಿ ಮಾಡಿಕೊಂಡು ಬಂತು. ಹೆಣ್ಣುಹೂವಿನ ಗುಬುಟನ್ನು ಒಂದು ಸುತ್ತು ಸುತ್ತಿ, ತಲೆ ಕೆಳಗೆ ಮಾಡಿ ಮಕರಂದ ಹೀರಿತು. ಅದು ಹಾರಿದ ಮೇಲೆ ನೋಡಿದರೆ ಒಂದು ಹಾಲೆ ಹಳದಿ, ಇನ್ನೆರಡು ಹಾಗೇ ಹಸಿರು. ಸೊಟ್ಟ ಕಾಯಿ ಎಲ್ಲಿಂದ ಬಂತು ಅನ್ನುವುದನ್ನು ಕಣ್ಣಾರೆ ಕಂಡಂತಾಯಿತು. ಇನ್ನೂ ಏಳು ಸಲ ಯಾರಾದರೂ ಬಂದಿದ್ದರೆ ಆ ಎರಡು ಹಾಲೆಗೂ ಪಾಲು ಸಿಗುತ್ತಿತ್ತು.

ಯಾವ ಜೇನು ಬಂತು ಅನ್ನುವುದನ್ನೂ ಬರೆದಿಡಿ. ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಕೋಲುಜೇನು, ಇರುವೆಯಷ್ಟೇ ಇರುವ ಕಪ್ಪು ನಸರಿ, ಇವನ್ನು ನಾವೆಲ್ಲ ಬಲ್ಲೆವು. ಇವಲ್ಲದೆ ನೆಲದಲ್ಲಿ ತೂತು ಕೊರೆದು ಒಂಟಿಯಾಗಿ ಬಾಳುವ ಸಣ್ಣ ಜೇನುಗಳಿವೆ. ಗೂಡು ಕಟ್ಟಿ ತುಪ್ಪ ಕೂಡಿಡುವುದಿಲ್ಲವಾದ್ದರಿಂದ ನಾವು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಲ್ಲಂಗಡಿಗೆ ಅವು ಬಹಳ ಬೇಕಾದವು.

ಜೇನು ಯಾಕಿಲ್ಲ? ಮೊದಲು ಔಷಧಿಯ ಕಡೆ ನೋಡಿ

ಕಲ್ಲಂಗಡಿಗೆ ಔಷಧಿಯೇ ಬೇಡ ಅಂತ ನಾನು ಹೇಳುವುದಿಲ್ಲ. ಥ್ರಿಪ್ಸ್ ಹರಡುವ ಕುಡಿ ಒಣಗುವ ನಂಜು ರೋಗ ಬಂದರೆ ಬೆಳೆಯೇ ಹೋಗುತ್ತದೆ. ಆದರೆ ಯಾವಾಗ, ಯಾವುದು ಅನ್ನುವುದು ಕೈಯಲ್ಲಿದೆ. ಥ್ರಿಪ್ಸಿಗೆ ಹೊಡೆಯುವುದನ್ನು ಹೂ ಬರುವ ಮೊದಲೇ ಮುಗಿಸಲು ನೋಡಿ, ನೀಲಿ ಅಂಟುಹಾಳೆ ಕಟ್ಟಿ. ಹೂವಿನ ಹೊತ್ತಿನಲ್ಲಿ ಹೊಡೆಯಲೇಬೇಕಾದರೆ ಸಂಜೆ ಐದೂವರೆ ಮೇಲೆ, ಹೂ ಮುಚ್ಚಿ ಜೇನು ಗೂಡು ಸೇರಿದ ಮೇಲೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಥರದ ಕೀಟನಾಶಕಗಳು ಗಿಡದೊಳಗೆ ಸೇರಿ ಮಕರಂದಕ್ಕೂ ಪರಾಗಕ್ಕೂ ಬರುತ್ತವೆ. ಹೂವಿನ ಹಂತದಲ್ಲಿ ಅವನ್ನು ಸಂಜೆ ಹೊಡೆದರೂ, ಡ್ರಿಪ್ಪಿನಲ್ಲಿ ಬಿಟ್ಟರೂ ತಪ್ಪೇ. ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್ ಕೂಡ ಜೇನಿಗೆ ಕಡು ವಿಷ. ರೋಗದ ಔಷಧಿ ಜೇನನ್ನು ಕೊಲ್ಲದಿರಬಹುದು. ಆದರೆ ಬೆಳಿಗ್ಗೆ ಅರಳಿದ ಹೂವಿಗೆ ನೀರು ಬಿದ್ದರೆ ಪರಾಗ ಒಡೆದು ಹಾಳಾಗುತ್ತದೆ. ನಾನು ಬೋರಾನ್ ಹೊಡೆದು ಮಾಡಿದ್ದು ಇದನ್ನೇ.

ನಮ್ಮ ಹೊಲದ ಔಷಧಿ ನಿಲ್ಲಿಸಿದರೆ ಮುಗಿಯಲಿಲ್ಲ. ಪಕ್ಕದ ಹೊಲದಲ್ಲಿ ಟೊಮೆಟೊ ಇತ್ತು. ಅಲ್ಲಿ ವಾರಕ್ಕೆರಡು ಸಲ ಬೆಳಿಗ್ಗೆ ಏಳೂವರೆಗೇ ಹೊಡೆಯುತ್ತಿದ್ದರು. ಹೋಗಿ ಕೇಳಿದೆ.

"ಅಣ್ಣ, ನಮ್ಮ ಹೂವಿರೋ ಮೂರು ವಾರ ಸಂಜೆ ಹೊಡೀತೀರಾ?"

"ಸಂಜೆ ಆಳು ಎಲ್ಲಿ ಸಿಗ್ತಾರಪ್ಪ? ಮಧ್ಯಾಹ್ನ ಎರಡಕ್ಕೆ ಕೈಕಾಲು ತೊಳ್ಕೊಂಡು ಹೊರಡ್ತಾರೆ."

ಅವರು ಹೇಳಿದ್ದು ನಿಜವೇ. ಕೊನೆಗೆ ನನ್ನ ಬ್ಯಾಟರಿ ಪಂಪು ತೆಗೆದುಕೊಂಡು ಸಂಜೆ ನಾನೂ ಅವರ ಜೊತೆ ನಿಂತೆ. ಮೂರು ವಾರದಲ್ಲಿ ಆರು ಸಂಜೆ. ಅಷ್ಟಕ್ಕೆ ಒಪ್ಪಿದರು.

ಹೊಲದ ಸುತ್ತ ಮುನ್ನೂರು ಹೆಜ್ಜೆ

ಔಷಧಿ ಕಾರಣವಲ್ಲದಿದ್ದರೆ, ಅಥವಾ ಅದೊಂದೇ ಕಾರಣವಲ್ಲ ಅನ್ನಿಸಿದರೆ, ಹೊಲ ಬಿಟ್ಟು ಹೊರಗೆ ನಡೆಯಿರಿ. ನಾಲ್ಕೂ ದಿಕ್ಕಿಗೆ ಮುನ್ನೂರು ಮುನ್ನೂರು ಹೆಜ್ಜೆ. ಯಾಕೆ ಇಷ್ಟೇ ದೂರ? ಹೆಜ್ಜೇನು ಮೈಲಿಗಟ್ಟಲೆ ಹಾರುತ್ತದೆ. ತುಡುವೆ ಸಾಮಾನ್ಯವಾಗಿ ಒಂದು ಕಿಲೋಮೀಟರಿನೊಳಗೆ ಮೇಯುತ್ತದೆ. ಆದರೆ ನಸರಿ, ನೆಲದ ಸಣ್ಣ ಜೇನು ಇವೆಲ್ಲ ಗೂಡಿನಿಂದ ಕೆಲವು ನೂರು ಮೀಟರ್ ಮಾತ್ರ ಹೋಗುತ್ತವೆ. ಅವು ನಮ್ಮ ಹೂವಿಗೆ ಬರಬೇಕಾದರೆ ಅವುಗಳ ಮನೆ ನಮ್ಮ ಬದುವಿನ ಮೇಲೆಯೇ ಇರಬೇಕು.

ನಡೆಯುತ್ತ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಜೇನು ಎಲ್ಲಿ ಮನೆ ಮಾಡೀತು? ಕಲ್ಲಂಗಡಿ ಹೂ ಇಲ್ಲದ ಹನ್ನೊಂದು ತಿಂಗಳು ಏನು ತಿಂದೀತು?

ಮನೆ ಅಂದರೆ ಉಳುಮೆಯಾಗದ ಗಟ್ಟಿ ಬದು, ಹಳೇ ಮಣ್ಣುಗೋಡೆ, ಪೊಟರೆಯಿರುವ ಮರ, ಒಣಗಿದ ಬಿದಿರು, ಬೇಲಿಯ ಪೊದೆ. ಬದುವಿನ ಇಳಿಜಾರಿನಲ್ಲಿ ಬೆಂಕಿಕಡ್ಡಿ ತೂರುವಷ್ಟು ತೂತು, ಬಾಯಲ್ಲಿ ಪುಡಿಮಣ್ಣಿನ ಸಣ್ಣ ಗುಪ್ಪೆ ಕಂಡರೆ ಅದು ಒಂಟಿ ಜೇನಿನ ಮನೆ ಇರಬಹುದು. ಬಿಸಿಲೇರಿದಾಗ ಐದು ನಿಮಿಷ ನಿಂತರೆ ಒಳಗೆ ಹೋಗುವುದು ಕಾಣುತ್ತದೆ. ಸಾಲಿಗೆಲ್ಲ ಮಲ್ಚಿಂಗ್ ಶೀಟ್ ಹಾಸಿ ಮುಚ್ಚುತ್ತೇವೆ, ಉಳಿದದ್ದನ್ನು ಉಳುತ್ತೇವೆ. ಅವಕ್ಕೆ ಉಳಿಯುವುದು ಬದು ಮಾತ್ರ.

ಊಟ ಅಂದರೆ ಬೇರೆ ಬೇರೆ ತಿಂಗಳಿನಲ್ಲಿ ಬಿಡುವ ಹೂ. ನಮ್ಮ ಸೀಮೆಯಲ್ಲಿ ಮಳೆ ಮುಗಿಯುತ್ತಿದ್ದಂತೆ ತುಂಬೆ, ಹುಚ್ಚೆಳ್ಳು, ಆಮೇಲೆ ತೊಗರಿ, ಅವರೆ. ಬೇಸಿಗೆ ಏರಿದಂತೆ ಹೊಂಗೆ, ಬೇವು. ಅದು ಮುಗಿದ ಮೇಲೆ ಹುಣಸೆ. ತಂಗಡಿ, ಎಕ್ಕ ವರ್ಷದ ಬಹುಪಾಲು. ಹಿಂದಿನವರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಸಾಲಾಗಿ ಹೂ ಬಿಡುತ್ತಿದ್ದವು. ಅಕ್ಕಡಿ ಮನೆಯ ಬೇಳೆ ಎಣ್ಣೆಗೆ ಅಂತ ಹಾಕಿದ್ದು, ಆದರೆ ಊರಿನ ಜೇನನ್ನೂ ಅದೇ ಸಾಕುತ್ತಿತ್ತು.

ನಾನು ನಡೆದಾಗ ಗೊತ್ತಾದದ್ದು ಇದು. ಮೊದಲ ಬೆಳೆಗೂ ಎರಡನೇ ಬೆಳೆಗೂ ನಡುವೆ, ಮಳೆಗಾಲದಲ್ಲಿ, ಪಡುವಣ ಬದುವಿನ ಏಳು ಹೊಂಗೆ ಮರ ಹೋಗಿದ್ದವು. ಜೆಸಿಬಿ ಬಂದು ಹೊಲ ಸಮ ಮಾಡುವಾಗ ಬದುವೂ ಮಟ್ಟವಾಗಿತ್ತು. ನಮ್ಮ ಮೂಡಣ ಬದುವಿಗೆ ನಾನೇ ಕಳೆನಾಶಕ ಹೊಡೆಸಿದ್ದೆ. ಹೊಲ ಚೊಕ್ಕಟವಾಗಿ ಕಾಣಲಿ ಅಂತ. ತುಂಬೆ, ತಂಗಡಿ ಎಲ್ಲ ಸುಟ್ಟುಹೋಗಿತ್ತು. ಬೀಜ, ಗೊಬ್ಬರ, ನೀರು ಎಲ್ಲ ಅದೇ ಇದ್ದರೂ ಬೆಳೆ ಬೇರೆಯಾದದ್ದಕ್ಕೆ ಉತ್ತರ ಎರಡು ಬದುವಿನ ಮೇಲಿತ್ತು.

ಬೇರೆ ದೇಶಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ, ಅದೂ ಕಲ್ಲಂಗಡಿಯ ಮೇಲೆಯೇ. ಕ್ಯಾಲಿಫೋರ್ನಿಯಾದಲ್ಲಿ ಕ್ಲೇರ್ ಕ್ರೆಮೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡಿನ ಹತ್ತಿರವಿದ್ದ ಸಾವಯವ ಹೊಲಗಳಿಗೆ ಅಲ್ಲಿನ ಕಾಡುಜೇನುಗಳೇ ಪೂರ್ತಿ ಪರಾಗಸ್ಪರ್ಶ ಮಾಡಿ ಮುಗಿಸುತ್ತಿದ್ದವು. ಕಾಡಿನಿಂದ ದೂರದ, ಒಂದೇ ಬೆಳೆಯ ಬಯಲಿನ ಹೊಲಗಳಲ್ಲಿ ಅವುಗಳಿಂದ ಆಗಲಿಲ್ಲ. ಅಲ್ಲಿ ಪೆಟ್ಟಿಗೆ ಜೇನು ತರಿಸಲೇಬೇಕಿತ್ತು. ನ್ಯೂಜೆರ್ಸಿ ಕಡೆ 2007ರಲ್ಲಿ ರೇಚಲ್ ವಿನ್‌ಫ್ರೀ ತಂಡ ನೋಡಿದಾಗ, ಶೇ 90ಕ್ಕಿಂತ ಹೆಚ್ಚು ಹೊಲಗಳಲ್ಲಿ ಕಾಡುಜೇನು ಮಾತ್ರವೇ ಸಾಕಾಗುತ್ತಿತ್ತು. ಅಲ್ಲಿ ಹೊಲದ ನಡುನಡುವೆ ಮರದ ತೋಪು, ಬೀಳುಭೂಮಿ ಉಳಿದಿತ್ತು. ನಮ್ಮ ಲೆಕ್ಕದಲ್ಲಿ ಅದು ಬದು, ಗೋಮಾಳ, ಕೆರೆಯ ಏರಿ, ಗುಂಡುತೋಪು.

ಸರಿಮಾಡಲು ನಾನು ಹಿಡಿದ ದಾರಿ ಹೀಗೆ. ಬದುವಿಗೆ ಕಳೆನಾಶಕ ಪೂರ್ತಿ ನಿಲ್ಲಿಸಿದೆ. ದಾರಿಗೆ ಅಡ್ಡ ಬಂದರೆ ಕುಡುಗೋಲಲ್ಲಿ ಸವರುತ್ತೇವೆ, ಬೇರು ತೆಗೆಯುವುದಿಲ್ಲ. ಹೊಲದ ಅಂಚಿಗೆ ಸಾಸಿವೆ, ಕೊತ್ತಂಬರಿ ಬಿತ್ತಿದೆ. ಇವು ಬಿತ್ತಿದ ನಲವತ್ತರಿಂದ ಐವತ್ತು ದಿನದೊಳಗೆ ಹೂ ಬಿಡುತ್ತವೆ. ಕಲ್ಲಂಗಡಿ ನಾಟಿಗೆ ಮೂರು ವಾರ ಮುಂಚೆ ಬಿತ್ತಿದರೆ, ಕಲ್ಲಂಗಡಿ ಹೂವಿಗೆ ಸ್ವಲ್ಪ ಮೊದಲು ಇವು ಅರಳಿ ಜೇನನ್ನು ಹೊಲಕ್ಕೆ ಕರೆದಿರುತ್ತವೆ. ಇಲ್ಲಿ ಒಂದು ಎಚ್ಚರಿಕೆ. ಕಲ್ಲಂಗಡಿಯ ಹೂವಿನ ಹೊತ್ತಿಗೇ ಪಕ್ಕದಲ್ಲಿ ಎಕರೆಗಟ್ಟಲೆ ಸೂರ್ಯಕಾಂತಿ ಅರಳಿದರೆ ಜೇನೆಲ್ಲ ಅಲ್ಲಿಗೇ ಹೋಗುತ್ತದೆ. ಕಲ್ಲಂಗಡಿ ಹೂ ಚಿಕ್ಕದು, ಮಕರಂದವೂ ಅಷ್ಟಕ್ಕಷ್ಟೇ. ನೀರನ್ನೂ ಮರೆಯಬೇಡಿ. ಬೇಸಿಗೆಯಲ್ಲಿ ಅಗಲ ಮಡಕೆಯಲ್ಲಿ ನೀರು ಹಾಕಿ, ಕೂರಲು ಕಲ್ಲು ಇಡಿ.

ಇನ್ನೊಂದು ಮಾತು. ಊರ ಆಲದ ಮರಕ್ಕೋ ನೀರಿನ ಟ್ಯಾಂಕಿಗೋ ಹೆಜ್ಜೇನು ಕಟ್ಟಿದರೆ ರಾತ್ರಿ ಪಂಜು ಹಿಡಿದು ಸುಡುವವರಿದ್ದಾರೆ. ಶಾಲೆಯ ಬಾಗಿಲಲ್ಲಿ ಕಟ್ಟಿದರೆ ಭಯ ಸಹಜ, ಅನುಭವ ಇರುವವರನ್ನು ಕರೆಸಿ ಬಿಡಿಸಿ. ದೂರದ ಮರದಲ್ಲಿದ್ದರ ತಂಟೆಗೆ ದಯವಿಟ್ಟು ಹೋಗಬೇಡಿ. ಸುತ್ತಲಿನ ಹೊಲಗಳಿಗೆಲ್ಲ ಕೆಲಸ ಮಾಡುವುದು ಅದೇ.

ಪೆಟ್ಟಿಗೆ ಇಟ್ಟರೂ ಕಾಯಿ ಇಲ್ಲ ಅಂದರೆ

ಬದು ಒಂದು ವರ್ಷದಲ್ಲಿ ಸರಿಯಾಗುವುದಿಲ್ಲ. ಅಲ್ಲಿಯವರೆಗೆ ಪೆಟ್ಟಿಗೆ ಬೇಕು. ತುಡುವೆಯಾದರೆ ಎಕರೆಗೆ ಎರಡು ಮೂರು ಪೆಟ್ಟಿಗೆ ಇಡುತ್ತೇವೆ. ಪೆಟ್ಟಿಗೆಗೆ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನವೂ ಇದೆ. ಆದರೆ ಪೆಟ್ಟಿಗೆ ಇಟ್ಟೂ ಫಲ ಕಾಣದವರು ಬಹಳ ಮಂದಿ. ಅಲ್ಲಿ ನೋಡಬೇಕಾದದ್ದು ಇವು.

ಬೇಗ ಇಟ್ಟಿರಬಹುದು. ಹೆಣ್ಣುಹೂ ಬರುವ ಮೊದಲೇ ಇಟ್ಟರೆ ಜೇನು ಬೇರೆ ಹೂವಿನ ದಾರಿ ಹಿಡಿಯುತ್ತದೆ, ಆಮೇಲೆ ಅದನ್ನು ಬಿಡುವುದಿಲ್ಲ. ಹತ್ತರಲ್ಲಿ ಒಂದು ಹೆಣ್ಣುಹೂ ಅರಳುವ ಹೊತ್ತಿಗೆ, ರಾತ್ರಿ ತಂದು ಇಡಿ. ಪೆಟ್ಟಿಗೆ ಬಡವಾಗಿರಬಹುದು. ಮುಚ್ಚಳ ತೆಗೆಸಿ ನೋಡಿ. ಚೌಕಟ್ಟುಗಳ ಎರಡೂ ಬದಿಗೆ ಜೇನು ಮುತ್ತಿರಬೇಕು, ಮರಿ ಇರಬೇಕು. ಮರಿಗೆ ಪರಾಗ ಬೇಕು, ಅದಕ್ಕೇ ಅವು ಪರಾಗಕ್ಕೆ ಹೋಗುತ್ತವೆ. ಮರಿ ಇಲ್ಲದ ಪೆಟ್ಟಿಗೆಯಿಂದ ಕಲ್ಲಂಗಡಿಗೆ ಲಾಭ ಕಡಿಮೆ. ಬಿಸಿಲಿಗೆ ಇಟ್ಟಿದ್ದರೆ ಅರ್ಧ ಜೇನು ನೀರು ಹೊತ್ತು ಗೂಡು ತಂಪು ಮಾಡುವುದರಲ್ಲೇ ಇರುತ್ತದೆ. ನೆರಳಿಗೆ ಇಡಿ, ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡಿ.

ಪೆಟ್ಟಿಗೆಯೊಂದನ್ನೇ ನಂಬಬೇಡಿ ಅನ್ನುವುದಕ್ಕೆ ಕಾರಣವಿದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ನಂಜು ರೋಗ ಬಂದು ಕರ್ನಾಟಕದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾದವು. ಮರಿಗಳು ಗೂಡಿನಲ್ಲೇ ನೀರುಚೀಲದಂತಾಗಿ ಸತ್ತವು. ಕೊಡಗು, ಮಲೆನಾಡಿನ ಹಳೇ ಜೇನು ಕೃಷಿಕರು ಈಗಲೂ ಆ ವರ್ಷಗಳ ಮಾತಾಡುತ್ತಾರೆ. ಒಂದೇ ಜಾತಿಯ ಮೇಲೆ ನಿಂತರೆ ಅದಕ್ಕೆ ರೋಗ ಬಂದ ದಿನ ಹೊಲಕ್ಕೆ ಬರುವವರು ಯಾರೂ ಇರುವುದಿಲ್ಲ.

ಯಾವುದೂ ಕೈಗೂಡದಿದ್ದರೆ, ಕೆಂಪು ದಾರದ ಕೆಲಸವನ್ನೇ ಇಡೀ ಹೊಲಕ್ಕೆ ಮಾಡಿ. ಮನೆಯವರು ಇಬ್ಬರು ಮೂವರು ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಸವರುತ್ತ ಹೋಗಬೇಕು. ಎಂಟು ಹತ್ತು ದಿನದ ದುಡಿಮೆ. ಬೆನ್ನು ಹಿಡಿಯುತ್ತದೆ, ಆದರೆ ಬೆಳೆ ಉಳಿಯುತ್ತದೆ.

ಮಾವಿಗೆ ಇದೇ ಪರೀಕ್ಷೆ ನಡೆಯುತ್ತದೆಯೇ?

ಶ್ರೀನಿವಾಸಪುರದ ಕಡೆಯ ನೆಂಟರು ಕೇಳಿದ್ದರು. ಪೂರ್ತಿ ನಡೆಯುವುದಿಲ್ಲ. ಮಾವಿನ ಒಂದು ಗೊಂಚಲಿನಲ್ಲಿ ನೂರಾರು ಹೂ, ಕೆಲವೊಮ್ಮೆ ಸಾವಿರಕ್ಕೂ ಮೇಲೆ. ಅದರಲ್ಲಿ ಕೊನೆಗೆ ನಿಲ್ಲುವುದು ಒಂದೋ ಎರಡೋ, ಅದು ಸಹಜ. ಮಾವಿಗೆ ಬರುವವರೂ ಬೇರೆ. ಜೇನಿಗಿಂತ ನೊಣಗಳದ್ದೇ ಅಲ್ಲಿ ದೊಡ್ಡ ಪಾಲು, ಜೊತೆಗೆ ನಸರಿ. ಹಾಗಾಗಿ ಜೇನು ಕಾಣಲಿಲ್ಲ ಅಂತ ಪೆಟ್ಟಿಗೆ ತಂದಿಟ್ಟರೆ ಸಾಲದು. ಮೊದಲು ಜಿಗಿಹುಳು, ಬೂದಿರೋಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹೂ ಕಪ್ಪಾಗಿ ಒಣಗಲು ಅವೇ ಹೆಚ್ಚು ಕಾರಣ. ಔಷಧಿ ಮೊಗ್ಗಿನ ಹಂತದಲ್ಲೇ ಮುಗಿಸಿ, ಅರಳಿದ ಹೂವಿಗೆ ಬೇಡ. ಬದುವಿನ ಮಾತು ಮಾತ್ರ ಅಲ್ಲಿಗೂ ಸರಿಯಾಗಿ ಒಪ್ಪುತ್ತದೆ. ದಕ್ಷಿಣ ಆಫ್ರಿಕಾದ ದೊಡ್ಡ ಮಾವಿನ ತೋಟಗಳಲ್ಲಿ ನೋಡಿದಾಗ, ಕಾಡಿನಿಂದ ದೂರ ಹೋದಂತೆ ಹೂವಿಗೆ ಬರುವ ಹುಳುಗಳೂ ಇಳುವರಿಯೂ ಇಳಿಯುತ್ತಿದ್ದವು. ತೋಟದ ನಡುವೆ ಅಲ್ಲಿನದೇ ಕಾಡುಗಿಡಗಳ ಸಣ್ಣ ಪಟ್ಟಿ ಬೆಳೆಸಿದಾಗ ಪರಿಸ್ಥಿತಿ ಸುಧಾರಿಸಿತು.

ನಮ್ಮ ಹೊಲದ ವಿಷಯ ಹೇಳಿಬಿಡುತ್ತೇನೆ. ಮೂರನೇ ವರ್ಷ ಐದು ತುಡುವೆ ಪೆಟ್ಟಿಗೆ ತಂದು, ಸಂಜೆ ಔಷಧಿ ಹೊಡೆದು, ಸೊಟ್ಟ ಕಾಯಿ ಹತ್ತಕ್ಕೆ ಎರಡಕ್ಕೆ ಇಳಿಯಿತು. ಹೋದ ಫೆಬ್ರವರಿಯಲ್ಲಿ ಎಣಿಸಿದಾಗ ಐದು ಹೂವಿಗೆ ಅರ್ಧ ಗಂಟೆಯಲ್ಲಿ ಹದಿಮೂರು ಭೇಟಿ. ಅದರಲ್ಲಿ ನಾಲ್ಕು ಪೆಟ್ಟಿಗೆಯದ್ದಲ್ಲ, ಬದುವಿನ ಸಣ್ಣ ಜೇನು. ಪಡುವಣ ಬದುವಿನಲ್ಲಿ ಹನ್ನೆರಡು ಹೊಂಗೆ ಸಸಿ ನೆಟ್ಟಿದ್ದೇನೆ, ಈಗ ಸೊಂಟದೆತ್ತರ. ಅವು ಹೂ ಬಿಡಲು ಇನ್ನೂ ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಫೆಬ್ರವರಿಗೆ ಪೆಟ್ಟಿಗೆ ಬಾಡಿಗೆಗೆ ತರುತ್ತೇನೆ.